ಎಲ್ಲರ ಕೊಡಗಳ ಜೊತೆ ಒಂದು ಕೊಡ

ಮದೀನಾದಲ್ಲಿ ಟ್ಯಾಕ್ಸಿಯವನಿಗೆ ‘ಬಿಅರ್ ರೂಮಾ’ ಅಂದೆ. ಕನ್ನಡಿಯಲ್ಲೇ ನನ್ನ ಮುಖ ನೋಡಿ ತಲೆ ಅಲ್ಲಾಡಿಸಿದ. ಗೊತ್ತಿಲ್ಲವಂತೆ. ಇನ್ನೊಂದು ಸಲ ನಿಧಾನವಾಗಿ ಹೇಳಿದೆ. ಊಹೂಂ. ಕೊನೆಗೆ ಫೋನಿನ ಮ್ಯಾಪ್ ಹಿಡಿದೆ. ನೋಡಿದವನೇ ‘ಓ, ಬಿಅರ್ ಉಸ್ಮಾನ್!’ ಎಂದು ನಕ್ಕು ಗಾಡಿ ತಿರುಗಿಸಿದ.

ಬಿಅರ್ ಅಂದರೆ ಬಾವಿ. ರೂಮಾ ಅನ್ನುವುದು ಅದರ ಹಳೆಯ ಹೆಸರು. ಮೊದಲಿದ್ದ ಮಾಲೀಕನ ಹೆಸರೇ ಅದು ಅನ್ನುವವರೂ ಇದ್ದಾರೆ. ಆ ಹೆಸರು ಪುಸ್ತಕದಲ್ಲಿ ಉಳಿದುಕೊಂಡಿದೆ. ಟ್ಯಾಕ್ಸಿಯವರ ಬಾಯಲ್ಲಿ ಮಾತ್ರ ಅದು ಉಸ್ಮಾನರ ಬಾವಿ.

ಪ್ರವಾದಿ ಮಸೀದಿಯಿಂದ ವಾಯವ್ಯಕ್ಕೆ ಕೆಲವು ಕಿಲೋಮೀಟರ್, ಅಕೀಕ್ ಕಣಿವೆಯ ಕಡೆಗೆ. ಅಕೀಕ್ ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ. ನಾವು ಹೋದಾಗ ಗೇಟು ಮುಚ್ಚಿತ್ತು. ಬೇಲಿಯ ಆಚೆ ಖರ್ಜೂರದ ಮರಗಳು. ಬುಡದಲ್ಲಿ ಒದ್ದೆ ಮಣ್ಣು. ಅಷ್ಟೇ ಕಂಡಿದ್ದು. ಉಮ್ಮ ಬೇಲಿಯ ಸರಳು ಹಿಡಿದು ಕಾಲ ತುದಿಯಲ್ಲಿ ನಿಂತು ಇಣುಕಿದರು. ಬಾವಿ ಕಟ್ಟೆ ಕಾಣಲಿಲ್ಲ. ‘ಇಷ್ಟೇನಾ?’ ಅಂದರು. ಆಮೇಲೆ ಆ ಒದ್ದೆ ಮಣ್ಣನ್ನೇ ನೋಡುತ್ತಾ, ‘ನೀರಂತೂ ಇದೆ’ ಅಂದರು.

ಬಾವಿಯ ವಿಷಯದಲ್ಲಿ ಉಮ್ಮನಿಗೆ ಸುಮ್ನೆ ಒಪ್ಪಿಕೊಂಡು ಅಭ್ಯಾಸವಿಲ್ಲ. ಕರಾವಳಿಯ ನಮ್ಮ ಹಳೆ ಮನೆಯಲ್ಲಿ ಕೆಂಪುಕಲ್ಲು ಕಡಿದು ಇಳಿಸಿದ ಬಾವಿಯೊಂದಿದೆ. ಹನ್ನೆರಡು ಕೋಲು ಆಳ. ಅಜ್ಜ ತೀರಿಕೊಂಡ ಮೇಲೆ ಮನೆ ಪಾಲಾಯಿತು, ತೋಟ ಪಾಲಾಯಿತು, ಹಿತ್ತಲಿನ ಹಲಸಿನ ಮರ ಕೂಡ ಯಾರ ಕಡೆ ಅಂತ ತೀರ್ಮಾನವಾಯಿತು. ಬಾವಿಯನ್ನು ಮಾತ್ರ ಕತ್ತರಿಸಲು ಬರಲಿಲ್ಲ. ಮಳೆಗಾಲದಲ್ಲಿ ಯಾರೂ ಕೇಳುವವರಿಲ್ಲ. ಏಪ್ರಿಲ್ ಬಂತೆಂದರೆ ಒಂದು ದಿನ ದೊಡ್ಡಪ್ಪನವರದ್ದು, ಒಂದು ದಿನ ನಮ್ಮದು. ನಮ್ಮ ದಿನ ಉಮ್ಮ ಬೆಳಗಿನ ನಮಾಜು ಮುಗಿಸಿ ನೇರ ಬಾವಿಕಟ್ಟೆಗೆ. ಡ್ರಮ್, ಹಂಡೆ, ಕೊಡಪಾನ, ಬಾಲ್ದಿ, ನಮ್ಮನ್ನು ಮೀಯಿಸುವ ಬೋಗುಣಿ, ಕೊನೆಗೆ ಕುಕ್ಕರು ಕೂಡ ತುಂಬಿರುತ್ತಿತ್ತು. ಎರಡು ದಿನದ ನೀರು ಒಂದೇ ದಿನದಲ್ಲಿ.

ಹಾಗಾಗಿ ಮದರಸದಲ್ಲಿ ಉಸ್ತಾದರು ಉಸ್ಮಾನರ ಬಾವಿಯ ಕಥೆ ಹೇಳಿದಾಗ ನನಗೆ ವಿವರಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಕಥೆ ಹೀಗೆ. ಕ್ರಿ.ಶ. 622. ಪ್ರವಾದಿ ಮುಹಮ್ಮದ್ (ಸ) ಮತ್ತು ಅವರ ಜೊತೆಗಾರರು ಮಕ್ಕಾ ಬಿಟ್ಟು ಮದೀನಾಕ್ಕೆ ಬಂದರು. ಮನೆ, ಸರಕು, ಒಂಟೆ ಎಲ್ಲ ಬಿಟ್ಟು ಬಂದವರೇ ಜಾಸ್ತಿ. ಹೊಸ ಊರಿನ ಹವೆ ಹಿಡಿಸಲಿಲ್ಲ. ಅಬೂಬಕ್ಕರ್, ಬಿಲಾಲ್ ಇಬ್ಬರೂ ಜ್ವರದಲ್ಲಿ ಮಲಗಿದರು. ಬಿಲಾಲರು ಜ್ವರ ಇಳಿದಾಗಲೆಲ್ಲ ಮಕ್ಕಾದ ಹುಲ್ಲು, ಕಣಿವೆ, ನೀರನ್ನು ನೆನೆದು ಪದ್ಯ ಹೇಳುತ್ತಿದ್ದರಂತೆ. ಊರಿನ ನೀರು ಕೂಡ ಬಂದವರಿಗೆ ಒಗ್ಗಲಿಲ್ಲ. ಮದೀನಾದ ಪೂರ್ವಕ್ಕೂ ಪಶ್ಚಿಮಕ್ಕೂ ಲಾವಾ ಹರಿದು ಗಟ್ಟಿಯಾದ ಕಪ್ಪು ಕಲ್ಲಿನ ಬಯಲು. ನಡುವಿನ ಕಣಿವೆಗಳಲ್ಲಿ ಬಾವಿಗಳಿದ್ದವು, ಖರ್ಜೂರದ ತೋಟಗಳೂ ಇದ್ದವು. ಆದರೆ ಬಾವಿ ಇದ್ದಲ್ಲೆಲ್ಲ ಕುಡಿಯುವ ರುಚಿಯ ನೀರು ಇರಬೇಕಲ್ಲ. ಸಿಹಿನೀರು ಅಂದರೆ ರೂಮಾ.

ಅದು ಒಬ್ಬನ ಸ್ವಂತ ಬಾವಿ. ಅವನು ನೀರು ಮಾರುತ್ತಿದ್ದ. ತೊಗಲಿನ ಒಂದು ಚೀಲ ನೀರಿಗೆ ಒಂದು ಮುದ್ದ್. ಮುದ್ದ್ ಅಂದರೆ ಅಳತೆ. ಎರಡೂ ಅಂಗೈ ಜೋಡಿಸಿ ಬೊಗಸೆ ಮಾಡಿ, ಅದರಲ್ಲಿ ಹಿಡಿಸುವಷ್ಟು ಧಾನ್ಯ ಅಥವಾ ಖರ್ಜೂರ. ನೀವೂ ಒಮ್ಮೆ ಅಕ್ಕಿ ಡಬ್ಬಿಗೆ ಕೈ ಹಾಕಿ ತೆಗೆದು ನೋಡಿ. ಜಾಸ್ತಿ ಅನ್ನಿಸುವುದಿಲ್ಲ. ಆದರೆ ಒಬ್ಬನ ಒಂದು ಹೊತ್ತಿನ ಊಟ ಅದು. ಊಟ ಕೊಟ್ಟು ನೀರು ತರಬೇಕು.

ಪ್ರವಾದಿಯವರು ಆ ಮಾಲೀಕನನ್ನು ಕೇಳಿದರು: ಇದನ್ನು ಸ್ವರ್ಗದ ಒಂದು ಬುಗ್ಗೆಗೆ ನನಗೆ ಮಾರುತ್ತೀಯಾ?

ಅವನು ಹೇಳಿದ್ದು: ನನಗೂ ನನ್ನ ಮನೆಯವರಿಗೂ ಇದು ಬಿಟ್ಟರೆ ಬೇರೆ ಏನೂ ಇಲ್ಲ. ನನ್ನಿಂದ ಆಗುವುದಿಲ್ಲ.

ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾಗುವುದು ಈ ಜಾಗ. ಸ್ವತಃ ಪ್ರವಾದಿ ಬಂದು ಕೇಳುತ್ತಿದ್ದಾರೆ. ಬೆಲೆಯಾಗಿ ಸ್ವರ್ಗವನ್ನೇ ಮುಂದಿಟ್ಟಿದ್ದಾರೆ. ಇವನು ಆಗುವುದಿಲ್ಲ ಅಂದ. ಯಾರೂ ಅವನನ್ನು ಬೈಯಲಿಲ್ಲ, ಶಪಿಸಲಿಲ್ಲ, ಬಾವಿಯನ್ನು ಕಿತ್ತುಕೊಳ್ಳಲಿಲ್ಲ. ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಹೇಳಿದವರೂ ಅವನನ್ನು ಕೆಟ್ಟವನನ್ನಾಗಿ ಮಾಡಲಿಲ್ಲ. ಹೆಂಡತಿ ಮಕ್ಕಳಿರುವವನು ನಾಳೆಯ ರೊಟ್ಟಿಯ ಲೆಕ್ಕ ಹಾಕಿದ, ಅಷ್ಟೇ. ಅದು ಹಾಗೆಯೇ ದಾಖಲಾಯಿತು.

ಮಾತು ಉಸ್ಮಾನ್ ಬಿನ್ ಅಫ್ಫಾನರ ಕಿವಿಗೆ ಬಿತ್ತು. ಉಸ್ಮಾನರು ಬಟ್ಟೆ ವ್ಯಾಪಾರಿ, ಶ್ರೀಮಂತರು, ಪ್ರವಾದಿಯವರ ಅಳಿಯ. ಹೋಗಿ 35,000 ದಿರ್ಹಮ್ ಕೊಟ್ಟು ಬಾವಿ ಕೊಂಡರು. ಆಮೇಲೆ ಪ್ರವಾದಿಯವರ ಬಳಿ ಬಂದು ವ್ಯಾಪಾರಿಯಂತೆಯೇ ಕೇಳಿದರು: ಅವನಿಗೆ ಹೇಳಿದ ಬೆಲೆ ನನಗೂ ಸಿಗುತ್ತದಾ? ಸಿಗುತ್ತದೆ ಅಂದರು. ‘ಹಾಗಿದ್ದರೆ ಕೊಂಡಿದ್ದೇನೆ, ಅದು ಎಲ್ಲರಿಗೂ ಬಿಟ್ಟಿದ್ದು.’

ಒಂದು ದಿರ್ಹಮ್‌ಗೆ ಸುಮಾರು 3 ಗ್ರಾಂ ಬೆಳ್ಳಿ ಅಂತ ಹಿಡಿದರೂ 35,000 ಅಂದರೆ ನೂರು ಕಿಲೋ ದಾಟುತ್ತದೆ. ಒಂದು ಬಾವಿಗೆ.

ಉಸ್ತಾದರು ನಮಗೆ ಹೇಳಿದ್ದು ಈ ಪಾಠವಲ್ಲ, ಇನ್ನೊಂದು. ಅದರಲ್ಲಿ ಮಾಲೀಕ ಒಬ್ಬ ಯಹೂದಿ. ಪೂರ್ತಿ ಮಾರಲು ಒಪ್ಪುವುದಿಲ್ಲ. ಉಸ್ಮಾನರು ಅರ್ಧ ಬಾವಿಯನ್ನು 12,000 ದಿರ್ಹಮ್‌ಗೆ ಕೊಳ್ಳುತ್ತಾರೆ. ಕರಾರು ಏನೆಂದರೆ ಒಂದು ದಿನ ನಿನ್ನದು, ಒಂದು ದಿನ ನನ್ನದು. ಉಸ್ಮಾನರ ದಿನ ನೀರು ಪುಕ್ಕಟೆ. ಊರಿನವರು ಬಂದು ಎರಡು ದಿನಕ್ಕಾಗುವಷ್ಟು ತುಂಬಿಕೊಂಡು ಹೋಗುತ್ತಾರೆ. ಮರುದಿನ ಅವನ ಬಾವಿಕಟ್ಟೆ ಖಾಲಿ. ‘ನನ್ನ ಬಾವಿಯನ್ನು ಕೆಡಿಸಿಬಿಟ್ಟೆ, ಉಳಿದರ್ಧವನ್ನೂ ನೀನೇ ಇಟ್ಟುಕೋ’ ಎಂದು 8,000ಕ್ಕೆ ಬಿಟ್ಟುಕೊಡುತ್ತಾನೆ.

ಇದನ್ನು ಕೇಳಿದಾಗ ನನಗೆ ಕಂಡಿದ್ದು ಮದೀನಾ ಅಲ್ಲ. ನಮ್ಮ ಬೋಗುಣಿ, ನಮ್ಮ ಕುಕ್ಕರು. ಮನೆಗೆ ಬಂದು ಹೇಳಿದಾಗ ಉಮ್ಮ ನಕ್ಕುಬಿಟ್ಟರು. ‘ನಿನ್ನ ದೊಡ್ಡಪ್ಪನ ಹತ್ತಿರ ಹೇಳಬೇಡ’ ಅಂದರು.

ಎರಡು ಪಾಠಗಳ ಲೆಕ್ಕ ಕೂಡಿ ಬರುವುದಿಲ್ಲ. ಒಂದರಲ್ಲಿ 35,000, ಇನ್ನೊಂದರಲ್ಲಿ ಒಟ್ಟು 20,000. ಒಂದರಲ್ಲಿ ಮಾಲೀಕ ಗಿಫಾರ್ ಬುಡಕಟ್ಟಿನವನು, ಇನ್ನೊಂದರಲ್ಲಿ ಯಹೂದಿ. ಹಳಬರು ಎರಡನ್ನೂ ಇಟ್ಟುಕೊಂಡರು. ಉಸ್ತಾದರ ಪಾಠದಲ್ಲಿ ಕಥೆಯ ಮಜಾ ಜಾಸ್ತಿ, ನಿಜ. ಆದರೆ ಹೇಳುವವರು ನೀರಿಗಿಂತ ಮಾರುವವನು ಸೋತದ್ದನ್ನೇ ಚಪ್ಪರಿಸುತ್ತಾರೆ. ಆಗ ಅದು ಬುದ್ಧಿವಂತಿಕೆಯ ಕಥೆಯಾಗುತ್ತದೆ. ನಾನು ಈಗ ಯಾರಿಗಾದರೂ ಹೇಳುವುದಿದ್ದರೆ ‘ನನ್ನಿಂದ ಆಗುವುದಿಲ್ಲ’ ಅಂದವನ ಕಥೆಯನ್ನೇ ಹೇಳುತ್ತೇನೆ.

ವಾಟ್ಸಾಪ್‌ನಲ್ಲಿ ವರ್ಷಕ್ಕೆರಡು ಸಲ ಬರುವ ಸಂದೇಶ ನಿಮಗೂ ಬಂದಿರಬಹುದು. ಉಸ್ಮಾನರ ಹೆಸರಿನಲ್ಲಿ ಇವತ್ತಿಗೂ ಬ್ಯಾಂಕ್ ಖಾತೆ ಇದೆ, ಬಾವಿಯ ತೋಟದ ಆದಾಯದಲ್ಲಿ ಹೋಟೆಲು ಎದ್ದಿದೆ, ವರ್ಷಕ್ಕೆ ಇಷ್ಟು ಕೋಟಿ ಅಂತ. ಕೆಳಗೆ ಹತ್ತು ಕೈ ಮುಗಿದ ಚಿತ್ರಗಳು. ಓದಿದರೆ ಒಳ್ಳೆಯ ಮ್ಯೂಚುವಲ್ ಫಂಡಿನ ಜಾಹೀರಾತಿನ ಹಾಗಿರುತ್ತದೆ. ಹಾಕಿದ ಹಣ ಎಷ್ಟು ಪಟ್ಟಾಯಿತು ಅನ್ನುವುದೇ ಅದರ ವಿಷಯ. ಬಾವಿ ಇರುವುದಿಲ್ಲ.

ಬಾವಿ ಇರುವುದು ತಿರ್ಮಿದಿ ಸಂಗ್ರಹದ ಒಂದು ಹದೀಸಿನಲ್ಲಿ, ಒಂದು ಸಣ್ಣ ಮಾತಿನಲ್ಲಿ. ಅಲ್ಲಿ ಪ್ರವಾದಿಯವರು ‘ರೂಮಾ ಬಾವಿಯನ್ನು ಯಾರು ಕೊಳ್ಳುತ್ತೀರಿ’ ಎಂದಷ್ಟೇ ಕೇಳುವುದಿಲ್ಲ. ಕೊಂಡು ತನ್ನ ಕೊಡವನ್ನು ಉಳಿದವರ ಕೊಡಗಳ ಜೊತೆ ಇಡುವವರು ಯಾರು ಎಂದು ಕೇಳುತ್ತಾರೆ. ಅರಬಿಯ ಮಾತು ದಲ್ವ್. ತೊಗಲಿನ ಸೇದುವ ಕೊಡ. ಅಂದರೆ ದುಡ್ಡು ಕೊಟ್ಟವನು ನೀನೇ ಆದರೂ ನಿನಗೆ ಬೇರೆ ಹಗ್ಗ ಇಲ್ಲ, ಮೊದಲ ಸರದಿ ಇಲ್ಲ. ಸಾಲಿನಲ್ಲಿ ನಿನ್ನದೂ ಒಂದು ಕೊಡ.

ವಕ್ಫ್ ಅಂದರೆ ಇದೇ. ಕೆಲವು ವರ್ಷಗಳ ನಂತರ ಪ್ರವಾದಿಯವರ ಇನ್ನೊಬ್ಬ ಜೊತೆಗಾರ ಉಮರರಿಗೆ ಖೈಬರ್‌ನಲ್ಲಿ ಒಳ್ಳೆಯ ಜಮೀನು ಸಿಕ್ಕಿತು. ಏನು ಮಾಡಲಿ ಎಂದು ಕೇಳಿದಾಗ ಪ್ರವಾದಿಯವರು ಕೊಟ್ಟ ಉತ್ತರ: ಮೂಲವನ್ನು ಹಿಡಿದಿಡು, ಫಲವನ್ನು ದಾನ ಮಾಡು. ಆ ಜಮೀನನ್ನು ಮಾರುವ ಹಾಗಿಲ್ಲ, ಉಡುಗೊರೆ ಕೊಡುವ ಹಾಗಿಲ್ಲ, ಮಕ್ಕಳಿಗೆ ಪಾಲಾಗುವ ಹಾಗಿಲ್ಲ. ನಮ್ಮಲ್ಲಿ ಈಗ ವಕ್ಫ್ ಅಂದ ಕೂಡಲೇ ಪಹಣಿ, ನೋಟಿಸು, ಟೀವಿಯಲ್ಲಿ ನಾಲ್ಕು ಕಿಟಕಿಗಳಲ್ಲಿ ನಾಲ್ಕು ಜನ ಕೂಗಾಡುವುದು ನೆನಪಾಗುತ್ತದೆ. ನನಗೂ ಅಷ್ಟೇ. ಆ ಮಾತಿನ ತಳದಲ್ಲಿ ಒಂದು ಕೊಡಪಾನ ಇದೆ ಅಂತ ಗೊತ್ತಾಗಿದ್ದು ಬಹಳ ತಡವಾಗಿ.

ನೀರಿನ ದಾನದ ಇನ್ನೊಂದು ಕಥೆ ಉಮ್ಮನಿಗೆ ಪ್ರೀತಿ. ಸಅದ್ ಬಿನ್ ಉಬಾದ ಅನ್ನುವವರ ತಾಯಿ ತೀರಿಕೊಂಡರು. ಅವರ ಹೆಸರಿನಲ್ಲಿ ಯಾವ ದಾನ ಒಳ್ಳೆಯದು ಎಂದು ಕೇಳಿದರೆ ಪ್ರವಾದಿಯವರು ‘ನೀರು’ ಅಂದರು. ಸಅದ್ ಒಂದು ಬಾವಿ ತೋಡಿಸಿ, ‘ಇದು ಸಅದನ ಉಮ್ಮನದ್ದು’ ಅಂದರು. ನಮ್ಮ ಊರಿನ ಮಸೀದಿ ಕಂಪೌಂಡಿನಲ್ಲಿ ಸ್ಟೀಲಿನ ವಾಟರ್ ಕೂಲರ್ ಇದೆಯಲ್ಲ, ಮೇಲೆ ತೀರಿಕೊಂಡವರ ಹೆಸರು ಬರೆದಿರುವುದು, ಸರಪಳಿಗೆ ಲೋಟ ಕಟ್ಟಿರುವುದು? ಅದು ಬಂದಿದ್ದು ಇಲ್ಲಿಂದಲೇ.

ಇಷ್ಟಕ್ಕೆ ನಿಲ್ಲಿಸಿದರೆ ಸುಖವಾದ ಕಥೆ. ಮದರಸದಲ್ಲಿ ಇಲ್ಲಿಗೇ ನಿಲ್ಲಿಸಿದ್ದರು. ಮಕ್ಕಳಿಗೆ ಅಷ್ಟು ಸಾಕು ಅನ್ನಿಸಿರಬೇಕು. ಆದರೆ ಉಸ್ಮಾನರ ಬಾಳಿನಲ್ಲಿ ಇನ್ನೊಂದು ಬಾವಿ ಇದೆ.

ಅದರ ಹೆಸರು ಅರೀಸ್. ಮದೀನಾದ ಕುಬಾ ಮಸೀದಿಯ ಪಕ್ಕದಲ್ಲೇ ಇತ್ತು, ಪಶ್ಚಿಮದ ಕಡೆ. ಅಬೂ ಮೂಸಾ ಅಶ್ಅರಿ ಅನ್ನುವ ಸಹಾಬಿ (ಪ್ರವಾದಿಯವರ ಜೊತೆಗಾರ) ಅಲ್ಲಿ ಒಂದು ದಿನ ಕಂಡದ್ದನ್ನು ಹೇಳಿದ್ದಾರೆ. ತೋಟಕ್ಕೆ ಖರ್ಜೂರದ ಗರಿಯ ಬಾಗಿಲು. ಪ್ರವಾದಿಯವರು ಒಳಗೆ ಹೋಗಿ ವುಝೂ ಮಾಡಿ, ಅಂದರೆ ನಮಾಜಿಗೆ ಮುಂಚಿನಂತೆ ಕೈಕಾಲು ಮುಖ ತೊಳೆದು, ಬಾವಿಯ ಕಟ್ಟೆಯ ಮೇಲೆ ಕುಳಿತರು. ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿ ಕಾಲುಗಳನ್ನು ಬಾವಿಯೊಳಗೆ ಇಳಿಬಿಟ್ಟರು. ಅಬೂ ಮೂಸಾ ಇವತ್ತು ನಾನೇ ಬಾಗಿಲು ಕಾಯುತ್ತೇನೆ ಎಂದು ಗೇಟಿನಲ್ಲಿ ನಿಂತರು. ಅಬೂಬಕ್ಕರ್ ಬಂದರು. ಒಳಗೆ ಬಿಡು, ಸ್ವರ್ಗದ ಶುಭವಾರ್ತೆ ಕೊಡು ಎಂಬ ಅಪ್ಪಣೆ ಸಿಕ್ಕಿತು. ಅವರು ಬಂದು ಬಲಗಡೆ ಕುಳಿತು ಹಾಗೆಯೇ ಕಾಲು ಇಳಿಬಿಟ್ಟರು. ಉಮರ್ ಬಂದರು, ಅದೇ ಮಾತು, ಎಡಗಡೆ ಕುಳಿತರು. ಮೂರನೆಯವರಾಗಿ ಉಸ್ಮಾನ್. ಅವರಿಗೆ ಸಿಕ್ಕಿದ್ದು ಸ್ವಲ್ಪ ಬೇರೆ ಮಾತು. ಸ್ವರ್ಗದ ಶುಭವಾರ್ತೆ ಕೊಡು, ಅದಕ್ಕೆ ಮುಂಚೆ ಅವರಿಗೊಂದು ಆಪತ್ತು ಇದೆ. ಆ ಕಡೆಯ ಕಟ್ಟೆ ತುಂಬಿತ್ತು. ಉಸ್ಮಾನರು ಸುತ್ತು ಹಾಕಿ ಎದುರು ಕಡೆ ಹೋಗಿ ಒಬ್ಬರೇ ಕುಳಿತರು.

ಮದೀನಾದ ವಿದ್ವಾಂಸ ಸಈದ್ ಬಿನ್ ಮುಸಯ್ಯಬ್ ಆಮೇಲೆ ಇದನ್ನು ಗೋರಿಗಳಿಗೆ ಹೋಲಿಸಿದರು. ಮೂವರ ಗೋರಿ ಒಂದೇ ಕಡೆ, ಉಸ್ಮಾನರದ್ದು ಬೇರೆ, ಮದೀನಾದ ಬಖೀಅ್ ಸ್ಮಶಾನದಲ್ಲಿ. ನನಗೆ ಆ ಅರ್ಥಕ್ಕಿಂತ ಚಿತ್ರವೇ ಹಿಡಿಸುತ್ತದೆ. ಬಿಸಿಲ ನಾಡಿನಲ್ಲಿ ನಾಲ್ಕು ಜನ ದೊಡ್ಡವರು, ಹುಡುಗರ ಹಾಗೆ ಬಾವಿಯ ತಂಪಿಗೆ ಕಾಲು ಇಳಿಬಿಟ್ಟು ಕುಳಿತಿದ್ದಾರೆ. ನಾವು ಹಾಗೆ ಕುಳಿತರೆ ಉಮ್ಮ ಒಳಗಿನಿಂದಲೇ ಕೂಗುತ್ತಿದ್ದರು.

ಅದೇ ಬಾವಿಗೆ ಉಂಗುರ ಬಿತ್ತು.

ಪ್ರವಾದಿಯವರಿಗೆ ಬೆಳ್ಳಿಯ ಒಂದು ಉಂಗುರವಿತ್ತು. ಬೇರೆ ದೇಶದ ಅರಸರಿಗೆ ಪತ್ರ ಬರೆಯಬೇಕಾದಾಗ, ಮೊಹರು ಇಲ್ಲದ ಪತ್ರವನ್ನು ಅವರು ಓದುವುದೇ ಇಲ್ಲ ಎಂದು ಯಾರೋ ಹೇಳಿದ್ದಕ್ಕೆ ಮಾಡಿಸಿದ್ದು. ಮೂರು ಸಾಲು ಕೆತ್ತನೆ. ಒಂದರಲ್ಲಿ ಮುಹಮ್ಮದ್, ಒಂದರಲ್ಲಿ ರಸೂಲ್, ಒಂದರಲ್ಲಿ ಅಲ್ಲಾಹ್. ಅವರ ನಂತರ ಅದು ಅಬೂಬಕ್ಕರರ ಕೈಯಲ್ಲಿ, ಆಮೇಲೆ ಉಮರರ ಕೈಯಲ್ಲಿ, ಆಮೇಲೆ ಉಸ್ಮಾನರ ಕೈಯಲ್ಲಿ. 644ರಲ್ಲಿ ಉಸ್ಮಾನರು ಖಲೀಫರಾದರು. ಸುಮಾರು ಆರು ವರ್ಷ ಕಳೆದಿತ್ತು. ಒಂದು ದಿನ ಅರೀಸ್ ಬಾವಿಯ ಕಟ್ಟೆಯ ಮೇಲೆ ಕುಳಿತು ಬೆರಳಿನಿಂದ ಉಂಗುರ ತೆಗೆದು ಸುಮ್ನೆ ತಿರುಗಿಸುತ್ತಿದ್ದರು. ಕೈ ಜಾರಿತು. ಸಹಾಬಿ ಅನಸ್ ಅವರ ಮಾತು ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ: ಉಸ್ಮಾನರ ಜೊತೆ ಮೂರು ದಿನ ಹೋಗಿ ಹುಡುಕಿದೆವು, ಬಾವಿಯ ನೀರನ್ನೆಲ್ಲ ಸೇದಿ ಹಾಕಿದೆವು, ಸಿಗಲಿಲ್ಲ.

ಉಂಗುರ ಬಿದ್ದದ್ದು ಅದನ್ನು ಕಾಯುತ್ತಿದ್ದ ಮುಐಖೀಬ್ ಅನ್ನುವವರ ಕೈಯಿಂದ ಅನ್ನುವ ಹೇಳಿಕೆಯೂ ಇದೆ. ಯಾರ ಕೈಯಿಂದಾದರೂ ಇರಲಿ, ಆ ಮೂರು ದಿನ ಯೋಚಿಸಿ. ಬಾವಿಗೆ ಏನಾದರೂ ಬಿದ್ದಾಗ ಆಗುವ ಗಡಿಬಿಡಿ ಬಾವಿ ಇದ್ದ ಮನೆಯವರಿಗೆ ಗೊತ್ತು. ನಮ್ಮಲ್ಲಿ ಕೊಡಪಾನ ಬಿದ್ದರೆ ಪಾತಾಳಗರುಡಿ ತರಲು ಓಡುತ್ತಿದ್ದೆವು. ಕೊಕ್ಕೆಗಳ ಆ ಗೊಂಚಲು ಹಗ್ಗದಲ್ಲಿ ಇಳಿದು ತಳ ಮುಟ್ಟಿದಾಗ ಟಣ್ ಅನ್ನಬೇಕು. ಕೆಸರು ಬರುತ್ತದೆ, ಕಲ್ಲು ಬರುತ್ತದೆ, ಎಂದೋ ಬಿದ್ದ ಬೇರೆ ಯಾವುದೋ ಲೋಟ ಬರುತ್ತದೆ. ಬೇಕಾದದ್ದು ಬರುವುದಿಲ್ಲ. ಬೆಳ್ಳಿ ಉಂಗುರ ಕೊಕ್ಕೆಗೆ ಸಿಗುವಂಥದ್ದೂ ಅಲ್ಲ. ಎಷ್ಟು ಸೇದಿದರೂ ಬಾವಿಗೆ ಮತ್ತೆ ನೀರು ಬರುತ್ತಲೇ ಇರುತ್ತದೆ.

ಆಮೇಲೆ ಬರೆದ ಚರಿತ್ರೆಕಾರರು ಉಸ್ಮಾನರ ಹನ್ನೆರಡು ವರ್ಷದ ಆಳ್ವಿಕೆಯನ್ನು ಇಲ್ಲಿ ಎರಡು ಹೋಳು ಮಾಡುತ್ತಾರೆ. ಉಂಗುರ ಬೀಳುವ ಮುಂಚೆ ಒಳ್ಳೆಯ ಆರು ವರ್ಷ, ಬಿದ್ದ ಮೇಲೆ ಕೆಟ್ಟ ಆರು. ಇದು ತುಸು ಸಲೀಸಾದ ಲೆಕ್ಕ ಅನ್ನಿಸುತ್ತದೆ ನನಗೆ. ನೆಂಟರಿಗೆ ಪ್ರಾಂತ್ಯಗಳ ಅಧಿಕಾರ ಕೊಟ್ಟ ದೂರು, ಕೂಫಾ, ಬಸ್ರಾ, ಈಜಿಪ್ಟ್‌ಗಳ ಅಸಮಾಧಾನ ಇವಕ್ಕೆಲ್ಲ ಉಂಗುರ ಕಾರಣವಲ್ಲ. ಆದರೂ ಬಾವಿಯ ಹೆಸರು ಬದಲಾಯಿತು. ಬಿಅರುಲ್ ಖಾತಮ್, ಉಂಗುರದ ಬಾವಿ.

656. ದೂರು ಹಿಡಿದು ಬಂದವರು ಮದೀನಾದಲ್ಲಿ ಉಸ್ಮಾನರ ಮನೆಗೆ ಮುತ್ತಿಗೆ ಹಾಕಿದರು. ವಾರಗಟ್ಟಲೆ ನಡೆಯಿತು. ಅವರಿಗೆ ಆಗ ವಯಸ್ಸು ಎಂಬತ್ತರ ಆಸುಪಾಸು. ಒಳಗೆ ನೀರು ಹೋಗಲು ಬಿಡಲಿಲ್ಲ. ಪ್ರವಾದಿಯವರ ಪತ್ನಿ ಉಮ್ಮು ಹಬೀಬ ಹೇಸರಗತ್ತೆಯ ಮೇಲೆ ಬಂದಾಗ ಮುತ್ತಿಗೆಯವರು ಅದರ ಮುಖಕ್ಕೆ ಹೊಡೆದು ಹಗ್ಗ ಕತ್ತರಿಸಿದರು, ಉಮ್ಮು ಹಬೀಬ ಬೀಳುವುದರಲ್ಲಿದ್ದರು ಎಂದು ಚರಿತ್ರೆಕಾರ ತಬರಿ ಬರೆಯುತ್ತಾರೆ.

ಒಂದು ದಿನ ಉಸ್ಮಾನರು ಮನೆಯ ಮೇಲಿನಿಂದ ಇಣುಕಿ ಕೆಳಗಿದ್ದವರ ಜೊತೆ ಮಾತಾಡಿದರು. ಅಲ್ಲಿದ್ದ ಸುಮಾಮ ಅನ್ನುವವರು ಅದನ್ನು ಹೇಳಿದ್ದಾರೆ. ಕೊಡದ ಆ ಮಾತು ನಮಗೆ ಸಿಕ್ಕಿರುವುದೇ ಈ ಸಂದರ್ಭದಿಂದ. ಅಲ್ಲಾಹನ ಆಣೆ ಹಾಕಿ ಕೇಳುತ್ತೇನೆ, ನಿಮಗೆ ಗೊತ್ತಿಲ್ಲವಾ? ಪ್ರವಾದಿಯವರು ಬಂದಾಗ ಈ ಊರಿನಲ್ಲಿ ರೂಮಾ ಬಿಟ್ಟರೆ ಬೇರೆ ಸಿಹಿನೀರು ಇರಲಿಲ್ಲ. ಯಾರು ಕೊಂಡು ತನ್ನ ಕೊಡವನ್ನು ಎಲ್ಲರ ಕೊಡಗಳ ಜೊತೆ ಇಡುತ್ತೀರಿ ಎಂದು ಅವರು ಕೇಳಿದರು. ನನ್ನ ಸ್ವಂತ ಹಣದಲ್ಲಿ ಕೊಂಡೆ. ಇವತ್ತು ನೀವು ನನಗೇ ಅದರ ನೀರು ಕುಡಿಯಲು ಬಿಡುತ್ತಿಲ್ಲ. ಸಮುದ್ರದ ನೀರು ಕುಡಿಯುವ ಹಾಗೆ ಮಾಡಿದ್ದೀರಿ.

ಕೆಳಗಿದ್ದವರು ಹೇಳಿದರು: ‘ಹೌದು.’

ಅದೇ ನನಗೆ ತಡೆದುಕೊಳ್ಳಲು ಆಗದ್ದು. ಸುಳ್ಳು ಅನ್ನಬಹುದಿತ್ತು, ಗೊತ್ತಿಲ್ಲ ಅನ್ನಬಹುದಿತ್ತು. ‘ಅಲ್ಲಾಹುಮ್ಮ ನಅಮ್’ ಅಂದರು, ಹೌದು ಅಂದರು, ದಾರಿ ಬಿಡಲಿಲ್ಲ. ಉಸ್ಮಾನರೂ ಬಾವಿ ನನ್ನದು ಅನ್ನಲಿಲ್ಲ ನೋಡಿ. ಕೊಟ್ಟದ್ದನ್ನು ವಾಪಸ್ ಕೇಳಲಿಲ್ಲ. ಆ ಸಾಲಿನಲ್ಲಿ ನನ್ನದೂ ಒಂದು ಕೊಡ ಇತ್ತಲ್ಲ ಅನ್ನುವಷ್ಟೇ ಅವರ ಅಹವಾಲು. ಆ ವರ್ಷ ಜೂನ್‌ನಲ್ಲಿ ಅವರನ್ನು ಮನೆಯೊಳಗೇ ಕೊಂದರು.

ಅರೀಸ್ ಬಾವಿ ಈಗ ಇಲ್ಲ. ಕಳೆದ ಶತಮಾನದಲ್ಲಿ ಕುಬಾ ಮಸೀದಿಯ ಸುತ್ತ ರಸ್ತೆ, ಅಂಗಳ ದೊಡ್ಡದಾದಾಗ ಮುಚ್ಚಿಹೋಯಿತು. ನಾವು ಕುಬಾದಲ್ಲಿ ಎರಡು ರಕಅತ್ ನಮಾಜು ಮಾಡಿ ಹೊರಗೆ ಬಂದಾಗ ಆ ಕಡೆ ನಡೆದು ನೋಡಿದೆ. ಬಸ್ಸುಗಳು, ತಸ್ಬೀಹ್ ಮಾಲೆ ಮಾರುವವರು, ಪಾರಿವಾಳಗಳು. ಅಬೂ ತಲ್ಹಾ ಅನ್ನುವ ಸಹಾಬಿ ದಾನ ಕೊಟ್ಟ ತೋಟದ ‘ಹಾ’ ಬಾವಿ ಪ್ರವಾದಿ ಮಸೀದಿಯ ವಿಸ್ತರಣೆಯಲ್ಲಿ ಒಳಗೇ ಸೇರಿಕೊಂಡಿದೆ, ಮೇಲೆ ಜಮಖಾನ. ಹಳೆಯ ಪುಸ್ತಕಗಳು ಮದೀನಾದಲ್ಲಿ ಏಳು ಬಾವಿಗಳನ್ನು ವಿಶೇಷವಾಗಿ ಎಣಿಸುತ್ತವೆ. ರೂಮಾದ ಖರ್ಜೂರದ ಮರಗಳ ಬುಡದಲ್ಲಿ ಮಣ್ಣು ಇನ್ನೂ ಒದ್ದೆ ಇದೆ ಅನ್ನುವುದನ್ನಂತೂ ನಾನೇ ಕಂಡೆ.

ಅವತ್ತು ರಾತ್ರಿ ಹೋಟೆಲಿನಲ್ಲಿ ಉಮ್ಮ ಊರಿಗೆ ಒಯ್ಯುವ ಝಂಝಂ, ಅಂದರೆ ಮಕ್ಕಾದ ಪವಿತ್ರ ಬಾವಿಯ ನೀರಿನ, ಕ್ಯಾನಿನ ಮುಚ್ಚಳ ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದರು. ಐದು ಲೀಟರ್. ಊರಿನಲ್ಲಿ ಅದು ಚಿಕ್ಕ ಚಿಕ್ಕ ಲೋಟಗಳಲ್ಲಿ ಅರವತ್ತು ಮನೆಗೆ ಹೋಗಬೇಕು. ದೊಡ್ಡಪ್ಪನ ಮನೆಗೆ ಒಂದು ಬಾಟಲಿ ಪೂರ್ತಿ. ಮುಖ ತೊಳೆಯಲು ನಲ್ಲಿ ಬಿಟ್ಟಾಗ ನಾನು ಹೇಳಿದೆ: ಉಮ್ಮ, ಈ ಊರಿಗೆ ಈಗ ನೀರು ಎಲ್ಲಿಂದ ಬರುತ್ತದೆ ಗೊತ್ತಾ? ಕೆಂಪು ಸಮುದ್ರದಿಂದ. ಯಂಬು ಅಂತ ಊರಿದೆ, ಅಲ್ಲಿ ಉಪ್ಪು ತೆಗೆದು ಪೈಪಿನಲ್ಲಿ ಬೆಟ್ಟ ಹತ್ತಿಸಿ ಕಳಿಸುತ್ತಾರೆ. ಉಸ್ಮಾನರು ಹೇಳಿದ ಸಮುದ್ರದ ನೀರನ್ನೇ ಮದೀನಾ ಕುಡಿಯುತ್ತಿದೆ.

ಉಮ್ಮ ನಲ್ಲಿಯ ಕೆಳಗೆ ಕೈ ಹಿಡಿದರು. ಬೊಗಸೆ ತುಂಬಿತು. ನಾಲಿಗೆ ತುದಿಗೆ ಸ್ವಲ್ಪ ಮುಟ್ಟಿಸಿ ನೋಡಿದರು.

‘ಉಪ್ಪಿಲ್ಲ’ ಅಂದರು. ಆಮೇಲೆ ಕೇಳಿದರು: ‘ಇದಕ್ಕೆ ಎಷ್ಟು ದುಡ್ಡು ತಗೊಳ್ತಾರೆ?’